ಹೆಸರಿನ ಪಟ್ಟಿಯ ತುಂಬ ಬರೀ ಪ್ರಶ್ನೆಗಳು: ಮಿಂಚಂಚೆಯಲ್ಲಿ ಕನ್ನಡ ಕೆಟ್ಟು ಸರಿಯಾದ ಕತೆ

ಕೆಲವು ವರ್ಷಗಳ ಹಿಂದಿನ ಮಾತು. ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಶಾಲೆಯಿಂದ ಒಂದು ಕಚೇರಿಗೆ ಮಕ್ಕಳ ಹೆಸರಿನ ಪಟ್ಟಿ ಕಳಿಸಬೇಕಾಗಿತ್ತು. ಕನ್ನಡದಲ್ಲೇ ಟೈಪು ಮಾಡಿ ಮಿಂಚಂಚೆಯಲ್ಲಿ ಕಳಿಸಿದೆ. ನಾಲ್ಕು ದಿನದ ಮೇಲೆ ಅದೇ ಪಟ್ಟಿ ಅಚ್ಚಾಗಿ ವಾಪಸು ಬಂತು. ಕ್ರಮಸಂಖ್ಯೆ ಇದೆ, ಹುಟ್ಟಿದ ತಾರೀಖು ಇದೆ, ಹೆಸರಿನ ಜಾಗದಲ್ಲಿ ಮಾತ್ರ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು! ಅದನ್ನು ನೋಡಿದ ಒಬ್ಬ ತಾಯಿ ಕೇಳಿದಳು: "ಗುರುಗಳ, ಇದ್ರಾಗ ನನ್ನ ಮಗಳ ಹೆಸರು ಯಾವುದ್ರೀ?"

ನಾನು ಹಾಜರಿ ಪುಸ್ತಕ ತೆಗೆದು ಚಿಹ್ನೆಗಳನ್ನು ಎಣಿಸತೊಡಗಿದೆ. ಗಂಗಾ ಎಂದರೆ ನಾಲ್ಕು ಪ್ರಶ್ನೆ. ಬಸವರಾಜ ಎಂದರೆ ಆರು. ಸಿದ್ಧರಾಮ ಎಂದರೆ ಎಂಟು. ನಾವು ಒಂದು ಅಕ್ಷರ ಎಂದು ಓದುವ 'ದ್ಧ' ಕಂಪ್ಯೂಟರಿಗೆ ಮೂರು ಸಂಕೇತ: ದ, ಹಲಂತ, ಧ. ಹೀಗೆ ಎಣಿಸಿ ಎಣಿಸಿ ಅರ್ಧ ಪಟ್ಟಿ ಸರಿಹೊಂದಿಸಿದೆ. ಆದರೆ ಮಲ್ಲಮ್ಮನಿಗೂ ಲಕ್ಷ್ಮೀಗೂ ಏಳೇಳು ಪ್ರಶ್ನೆಗಳೇ ಬಂದಿದ್ದವು. ಅಲ್ಲಿ ಯಾರು ಮಲ್ಲಮ್ಮ, ಯಾರು ಲಕ್ಷ್ಮೀ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಇದು ಗಡಿ ಕನ್ನಡಿಗರಿಗೆ ಬೇಕೆಂದೇ ಮಾಡಿದ್ದು ಅಂತ ನಮ್ಮಲ್ಲಿ ಒಬ್ಬರು ಸಿಟ್ಟಾದರು. ಆದರೆ ಪಕ್ಕದ ಮರಾಠಿ ಶಾಲೆಯ ಪಟ್ಟಿಯೂ ಹಾಗೇ ಬಂದಿತ್ತು. ಯಂತ್ರಕ್ಕೆ ಗಡಿ ತಂಟೆ ಗೊತ್ತಿಲ್ಲ. ಹಾಗಾದರೆ ಅಕ್ಷರಗಳು ದಾರಿಯಲ್ಲಿ ಹೇಗೆ ಕಳೆದುಹೋಗುತ್ತವೆ? ಆವತ್ತಿನಿಂದ ಈ ವಿಷಯದ ಬೆನ್ನು ಹತ್ತಿದೆ. ತಿಳಿದುಕೊಂಡದ್ದನ್ನು ನಮ್ಮ ಕನ್ನಡ ಶಾಲೆಗಳ ಶಿಕ್ಷಕರಿಗೆ, ಪಾಲಕರಿಗೆ ಹೇಳೋಣ ಅಂತ ಈ ಬರಹ.

ಮೋಡಿ ಕಾಗದ, ತಂತಿ ಸುದ್ದಿ

ಓದಲು ಬಾರದ ಕಾಗದ ನಮ್ಮ ಸೀಮೆಗೆ ಹೊಸತಲ್ಲ. ಸೊಲ್ಲಾಪುರ ಜಿಲ್ಲೆಯ ಹಳೆಯ ಮನೆತನಗಳಲ್ಲಿ ಟ್ರಂಕಿನ ತಳದಲ್ಲಿ ಮೋಡಿ ಲಿಪಿಯ ಕಾಗದಗಳು ಇನ್ನೂ ಸಿಗುತ್ತವೆ. ಜಮೀನಿನ ಪತ್ರ, ಸಾಲದ ಪತ್ರ, ವತನದ ಲೆಕ್ಕ. ಮರಾಠಿ ವ್ಯವಹಾರದಲ್ಲಿ ಈ ಲಿಪಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಉಳಿದಿತ್ತು. ಆಮೇಲೆ ಶಾಲೆಯಲ್ಲಿ ಕಲಿಸುವುದು ನಿಂತಿತು. ಈಗ ಮರಾಠಿ ಚೆನ್ನಾಗಿ ಬಲ್ಲವನಿಗೂ ಅದು ಓದಲು ಬರುವುದಿಲ್ಲ. ಆದರೆ ಕಾಗದ ಹಾಳಾಗಿಲ್ಲ. ಮೋಡಿ ಬಲ್ಲವರೊಬ್ಬರು ಸಿಕ್ಕರೆ ಪಟಪಟನೆ ಓದುತ್ತಾರೆ. ಇದೊಂದು ಮಾತು ನೆನಪಿಡಿ: ಓದಲು ಬರದ ಬರಹ ಬೇರೆ, ಅಳಿಸಿಹೋದ ಬರಹ ಬೇರೆ. ಮುಂದಿನ ಕತೆಯೆಲ್ಲಾ ಈ ಎರಡರ ನಡುವಿನ ವ್ಯತ್ಯಾಸವೇ.

ಇನ್ನು ತಂತಿ ಸುದ್ದಿ. 2013ರ ಜುಲೈಯಲ್ಲಿ ನಿಂತುಹೋದ ಟೆಲಿಗ್ರಾಂ ನೆನಪಿರಬೇಕಲ್ಲ? ಕನ್ನಡದಲ್ಲಿ ಹೇಳಬೇಕಾದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವ ರೂಢಿ ಅಲ್ಲೂ ಇತ್ತು. ತಂತಿಯ ಕಟ್ ಕಡ ಭಾಷೆಯಲ್ಲಿ ನಮ್ಮ ಅಕ್ಷರಗಳಿಗೆ ಜಾಗ ಇರಲಿಲ್ಲ. ಮಿಂಚಂಚೆಯೂ ಹುಟ್ಟಿದ್ದು ಅಂಥದೇ ಮನೆಯಲ್ಲಿ.

128 ಮನೆಗಳ ಓಣಿ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದದ ಪಟ್ಟಿ ಒಂದಿರಬೇಕು. ಅಮೆರಿಕದವರು 1963ರಲ್ಲಿ ಮಾಡಿಕೊಂಡ ಅಂಥ ಪಟ್ಟಿಗೆ 'ಆಸ್ಕಿ' ಎಂದು ಹೆಸರು. ಸೊನ್ನೆಯಿಂದ 127ರವರೆಗೆ ಒಟ್ಟು 128 ಮನೆ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚಿಹ್ನೆ ಇಟ್ಟರೆ ಓಣಿ ತುಂಬಿತು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಇಂಜಿನಿಯರು ಒಂದು ಯಂತ್ರದಿಂದ ಇನ್ನೊಂದಕ್ಕೆ ಮೊದಲ ಮಿಂಚಂಚೆ ಕಳಿಸಿದಾಗ ಇದೇ ಓಣಿ. 1982ರಲ್ಲಿ ಮಿಂಚಂಚೆ ಸಾಗಾಟದ ನಿಯಮಾವಳಿ ಬರೆದಾಗಲೂ ಒಂದೊಂದು ಅಕ್ಷರಕ್ಕೆ ಏಳೇ ಬಿಟ್ ಎಂದು ಬರೆದಿಟ್ಟರು. ಏಳು ಬಿಟ್ ಎಂದರೆ ಅದೇ 128 ಮನೆ.

ಎಂಟನೆಯ ಬಿಟ್ ಬಳಸಿದರೆ 256 ಮನೆ ಸಿಗುತ್ತವೆ. ಬೇರೆ ಭಾಷೆಯವರಲ್ಲಿ ಅನೇಕರು ಮಾಡಿದ್ದು ಇದನ್ನೇ. ಆದರೆ ದಾರಿಯಲ್ಲಿ ಹಳೆಯ ಅಂಚೆ ಯಂತ್ರ ಒಂದಿದ್ದರೆ ಅದು ಎಂಟನೆಯ ಬಿಟ್ ಅನ್ನು ಕತ್ತರಿಸಿಯೇ ಮುಂದೆ ಕಳಿಸುತ್ತಿತ್ತು. ಅಂದರೆ 128ಕ್ಕಿಂತ ದೊಡ್ಡ ಪ್ರತಿ ಸಂಖ್ಯೆಯಿಂದ 128 ಕಳೆದಂತೆ. 179 ಹೋಗಿ 51 ಆಗುತ್ತದೆ. ಆಸ್ಕಿಯಲ್ಲಿ 51 ಎಂದರೆ '3' ಎಂಬ ಅಂಕಿ. ನೀವು ಕಳಿಸಿದ್ದು 'ಕ', ಮುಟ್ಟಿದ್ದು '3'.

ಈ 179ನ್ನು ಸುಮ್ಮನೆ ಹೇಳಲಿಲ್ಲ. ಭಾರತದ ಭಾಷೆಗಳಿಗಾಗಿ ನಮ್ಮವರೇ ಮಾಡಿದ 'ಇಸ್ಕಿ' ಪಟ್ಟಿಯಲ್ಲಿ 'ಕ'ದ ಸಂಖ್ಯೆ ಅದು. ಕಾನಪುರದ ಐಐಟಿಯಲ್ಲಿ ಮೊಳೆತು, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಕೆಲಸ ಇದರ ಬೆನ್ನಿಗಿತ್ತು. 1991ರಲ್ಲಿ ಅದು ರಾಷ್ಟ್ರೀಯ ಮಾನಕವೂ ಆಯಿತು. ಅದರ ಸೊಗಸೆಂದರೆ ಕನ್ನಡದ 'ಕ'ಕ್ಕೂ ಮರಾಠಿಯ 'ಕ'ಕ್ಕೂ ತೆಲುಗಿನ 'ಕ'ಕ್ಕೂ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಅದೇ ಬರಹ ಇನ್ನೊಂದು ಲಿಪಿಯಲ್ಲಿ ಕಾಣುತ್ತಿತ್ತು. ಸೊಲ್ಲಾಪುರದಂಥ ಊರಿಗೆ ಹೇಳಿ ಮಾಡಿಸಿದಂಥ ಪಟ್ಟಿ! ಆದರೆ ಅಮೆರಿಕದ ಮಿಂಚಂಚೆ ತಂತ್ರಾಂಶಗಳಿಗೆ ಇದರ ಗಂಧವೇ ಇರಲಿಲ್ಲ.

ಕಪ್ಪು ಪರದೆಯ 'ಪೈನ್'

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಬಂದದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಅಗ್ಗದ ಖಾತೆಗೆ 'ಶೆಲ್' ಖಾತೆ ಎನ್ನುತ್ತಿದ್ದರು. ಚಿತ್ರವಿಲ್ಲ, ಮೌಸ್ ಇಲ್ಲ, ಕಪ್ಪು ಪರದೆಯ ಮೇಲೆ ಅಕ್ಷರ ಮಾತ್ರ. ದೊಡ್ಡ ಊರುಗಳಲ್ಲಿ ಓದುತ್ತಿದ್ದ ಹುಡುಗರು ಮಿಂಚಂಚೆ ನೋಡುತ್ತಿದ್ದುದು ಹೆಚ್ಚಾಗಿ 'ಪೈನ್' ಎಂಬ ತಂತ್ರಾಂಶದಲ್ಲಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಅದರ ಕೆಲಸ ಶುರುವಾಗಿತ್ತು. ಪರದೆಯ ಕೆಳಗೆ ಯಾವ ಕೀಲಿ ಒತ್ತಿದರೆ ಏನು ಎಂಬ ಎರಡು ಸಾಲಿನ ಪಟ್ಟಿ ಇರುತ್ತಿತ್ತು. ಹೊಸಬನಿಗೂ ಸುಲಭ.

ಅದರಲ್ಲಿ ಕನ್ನಡ ಹೇಗೆ ಬರೆಯುವುದು? ತಂತಿ ಸುದ್ದಿಯ ದಾರಿಯೇ ಗತಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. 'ನಮ್ಮ ಹಳ್ಳಿಗೆ ಬಾ' ಎಂದು ಬರೆದರೆ ಓದುವವ 'ನಮ್ಮ ಹಲ್ಲಿಗೆ ಬಾ' ಎಂದೂ ಓದಬಹುದು. ಕಲ್ಲು ಯಾವುದು, ಕಳ್ಳು ಯಾವುದು? ಮನೆ ಯಾವುದು, ಮಣೆ ಯಾವುದು? ಇದಕ್ಕೆ ಪರಿಹಾರವಾಗಿ ಡ, ಣ, ಳ ಬೇಕಾದಾಗ ದೊಡ್ಡ ಇಂಗ್ಲಿಷ್ ಅಕ್ಷರ, ದ, ನ, ಲ ಬೇಕಾದಾಗ ಸಣ್ಣದು ಎಂಬ ಪದ್ಧತಿ ಬಂತು. ಮುಂದೆ 'ಬರಹ' ತಂತ್ರಾಂಶದಲ್ಲಿ ಕನ್ನಡ ಟೈಪಿಸಲು ಎಷ್ಟೋ ಜನ ಕಲಿತದ್ದು ಇದೇ ಪದ್ಧತಿ.

ಯಾರಾದರೂ ಎಂಟು ಬಿಟ್‌ನ ಅಕ್ಷರ ಕಳಿಸಿದರೆ ಪೈನ್ ಮೇಲ್ಗಡೆ ಒಂದು ಎಚ್ಚರಿಕೆ ಹಾಕುತ್ತಿತ್ತು. ಈ ಪತ್ರ ಬೇರೆ ಅಕ್ಷರಪಟ್ಟಿಯಲ್ಲಿದೆ, ನಿಮ್ಮ ಪರದೆ ಬೇರೆ ಪಟ್ಟಿಗೆ ಹೊಂದಿಸಿದೆ, ಕೆಲವು ಅಕ್ಷರ ತಪ್ಪಾಗಿ ಕಾಣಬಹುದು ಎಂಬುದು ಅದರ ತಾತ್ಪರ್ಯ. ಬಹಳ ಜನ ಅದನ್ನು ಓದದೆಯೇ ಕೆಳಗೆ ಇಳಿಯುತ್ತಿದ್ದರು. ನಿಜ ಹೇಳಬೇಕೆಂದರೆ ರೋಗದ ಹೆಸರನ್ನು ಅದು ಸರಿಯಾಗಿಯೇ ಹೇಳುತ್ತಿತ್ತು. ಬರೆದವನ ಪಟ್ಟಿ ಒಂದು, ಓದುವವನ ಪಟ್ಟಿ ಇನ್ನೊಂದು.

ವೇಷ ಹಾಕಿದ ಅಕ್ಷರಗಳು

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. ಇತ್ತ ಪುಣೆಯ ಮಾಡ್ಯುಲರ್ ಸಂಸ್ಥೆಯ 'ಶ್ರೀಲಿಪಿ' ಮುದ್ರಣಾಲಯಗಳಲ್ಲಿ ಬೇರೂರಿತ್ತು. ಕನ್ನಡ ಅಚ್ಚುಕಟ್ಟಾಗಿ ಮೂಡತೊಡಗಿತು. ಎಲ್ಲರಿಗೂ ಸಂತೋಷ.

ಆದರೆ ಒಳಗಿನ ಗುಟ್ಟು ಬೇರೆ. ಆ ಕಾಲದ ಕಡತಗಳಲ್ಲಿ ಇದ್ದದ್ದು ಕನ್ನಡವೇ ಅಲ್ಲ. ಪಾಶ್ಚಾತ್ಯ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ತಲೆಕಟ್ಟು ಒಂದು ಮನೆ, ಒತ್ತು ಇನ್ನೊಂದು ಮನೆ. ಫಾಂಟು ಇದ್ದಾಗ ಕನ್ನಡದ ವೇಷ. ಫಾಂಟು ತೆಗೆದರೆ ವೇಷ ಕಳಚಿ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಅದಕ್ಕೇ ಆಗ ಪತ್ರದ ಜೊತೆ ಫಾಂಟನ್ನೂ ಲಗತ್ತಿಸಿ ಕಳಿಸುವ ಪದ್ಧತಿ ಇತ್ತು. ಮೊದಲು ಇದನ್ನು ಹಾಕಿಕೊಳ್ಳಿ, ಆಮೇಲೆ ಪತ್ರ ಓದಿ ಅಂತ.

ಇಲ್ಲಿ ಗಡಿಯ ಶಾಲೆಗಳಿಗೆ ಎರಡು ಪಟ್ಟು ತೊಂದರೆಯಾಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾದ ನಂತರ ನಮ್ಮ ಆಡಳಿತ ಮಹಾರಾಷ್ಟ್ರದ್ದು, ಓದು ಕನ್ನಡದ್ದು. ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ. ಪತ್ರಿಕೆ, ಕಥೆಪುಸ್ತಕ, ನಾಟಕ, ಭಾಷಣದ ಸಾಮಗ್ರಿ ವಿಜಯಪುರ, ಕಲಬುರಗಿ, ಧಾರವಾಡದ ಕಡೆಯಿಂದ ಬರುತ್ತವೆ. ಹಾಗಾಗಿ ಪುಣೆ ಕಡೆಯ ಫಾಂಟೂ ಬೇಕು, ಬೆಂಗಳೂರು ಕಡೆಯ ಫಾಂಟೂ ಬೇಕು. ಒಂದರ ಕಡತ ಇನ್ನೊಂದರಲ್ಲಿ ತೆರೆಯುವುದಿಲ್ಲ. ಒಂದೇ ಭಾಷೆಯ ಎರಡು ಕಡತ ಒಂದರ ಮುಖ ಒಂದು ನೋಡದಂಥ ಸ್ಥಿತಿ. ಬೆಂಗಳೂರಿನ ಶಾಲೆಯೊಂದು ಒಂದೇ ತಂತ್ರಾಂಶ ನೆಚ್ಚಿ ಕೂರಬಹುದಿತ್ತು. ನಮಗೆ ಆ ಭಾಗ್ಯ ಇರಲಿಲ್ಲ. ಕೊನೆಗೆ ಎಷ್ಟೋ ಜನ ಅಚ್ಚು ತೆಗೆದು ಸ್ಕ್ಯಾನ್ ಮಾಡಿ ಚಿತ್ರವಾಗಿಯೇ ಕಳಿಸಿದರು. ಕಾಣಿಸುತ್ತಿತ್ತು, ಆದರೆ ಅದರಲ್ಲಿ ಒಂದು ಪದ ಹುಡುಕಲೂ ಆಗದು, ತಿದ್ದಲೂ ಆಗದು.

ಲಕೋಟೆಯ ಮೇಲೆ ಬರೆಯಬೇಕಾದ ಒಂದು ಸಾಲು

ಅಷ್ಟರಲ್ಲಿ ಹೊರಗಿನ ಜಗತ್ತಿನಲ್ಲಿ ಮೂರು ಕೆಲಸಗಳು ನಡೆದಿದ್ದವು.

ಒಂದು, 1991ರ ಯುನಿಕೋಡ್. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಪಟ್ಟಿ. ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಭಾರತದ ಲಿಪಿಗಳ ಸಾಲುಗಳನ್ನು ನಮ್ಮ ಇಸ್ಕಿಯ ಅಚ್ಚಿನಲ್ಲೇ ಎರಕ ಹೊಯ್ದರು. ಕನ್ನಡದ 'ಕ' 3221ನೆಯ ಮನೆ. ತೆಲುಗಿನ 'ಕ' 3093, ಅಂದರೆ 128 ಮನೆ ಆಚೆ. ಮರಾಠಿಯ 'ಕ' 2325, ಅಂದರೆ 896 ಮನೆ ಆಚೆ. 'ಗ' ತೆಗೆದುಕೊಳ್ಳಿ, 'ಮ' ತೆಗೆದುಕೊಳ್ಳಿ, ಅಷ್ಟೇ ದೂರ. ಒಂದೇ ನಕ್ಷೆಯ ಮೂರು ಓಣಿಗಳು.

ಎರಡು, 1992ರ 'ಮೈಮ್'. ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ಬರೆದ ನಿಯಮ. ಪತ್ರದ ತಲೆಯಲ್ಲಿ ಈ ಪತ್ರ ಯಾವ ಅಕ್ಷರಪಟ್ಟಿಯಲ್ಲಿದೆ ಎಂದು ಒಂದು ಸಾಲು ಬರೆಯಬೇಕು. ಎಂಟು ಬಿಟ್‌ನ ಅಕ್ಷರಗಳನ್ನು ಏಳು ಬಿಟ್‌ನ ಹಳೆಯ ದಾರಿಯಲ್ಲಿ ಸಾಗಿಸಲು ಸಾದಾ ಅಕ್ಷರಗಳಾಗಿ ಮಡಿಸಿ ಕಟ್ಟಬೇಕು. ತಲುಪಿದ ಕಡೆ ಬಿಚ್ಚಬೇಕು. ಮೂರು ಬೈಟಿಗೆ ನಾಲ್ಕು ಅಕ್ಷರ ಮಾಡುವ 'ಬೇಸ್-64' ಅಂಥದೊಂದು ಮಡಿಕೆ.

ಮೂರು, ಅದೇ 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟ ಮಾಡುತ್ತಾ ಹೊಸೆದ 'ಯುಟಿಎಫ್-8'. ಯುನಿಕೋಡಿನ ದೊಡ್ಡ ಸಂಖ್ಯೆಗಳನ್ನು ಸಣ್ಣ ಬೈಟುಗಳಾಗಿ ಒಡೆಯುವ ವಿಧಾನ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು.

ಈ ಮೂರೂ ಕೂಡಿದರೆ ಕನ್ನಡ ಪತ್ರ ಎಲ್ಲಿಗೆ ಬೇಕಾದರೂ ಹೋಗಬಲ್ಲದು. ಆದರೆ ಓದುವ ಯಂತ್ರವೂ ತಯಾರಿರಬೇಕಲ್ಲ? ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಬಂದವು. ಕನ್ನಡ ಬರಲು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ 'ತುಂಗಾ' ಫಾಂಟಿಗಾಗಿ ಕಾಯಬೇಕಾಯಿತು. ಅದರಲ್ಲೂ ಸಿ.ಡಿ. ಹಾಕಿ, ಭಾಷೆಯ ಆಯ್ಕೆಯಲ್ಲಿ ಒಂದು ಗುರುತು ಹಾಕದಿದ್ದರೆ ಒತ್ತಕ್ಷರ ಕೂಡುತ್ತಿರಲಿಲ್ಲ. ಪೈನ್ ತಂತ್ರಾಂಶವನ್ನು ಯುನಿಕೋಡಿಗಾಗಿ ಹೊಸದಾಗಿ ಕಟ್ಟಿ 'ಆಲ್ಪೈನ್' ಎಂಬ ಹೆಸರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ತಂದದ್ದು 2007ರ ಡಿಸೆಂಬರಿನಲ್ಲಿ. ಯುನಿಕೋಡ್ ಹುಟ್ಟಿ ಅದಾಗಲೇ ಹದಿನಾರು ವರ್ಷ!

ಕೆಟ್ಟರೂ ಗುರುತು ಬಿಡದ ನಾಲ್ಕು ಭಾಷೆ

ಈಗ ಬಹಳ ಸ್ವಾರಸ್ಯದ ಭಾಗಕ್ಕೆ ಬರೋಣ. ಯುಟಿಎಫ್-8ರಲ್ಲಿ ಕನ್ನಡದ 'ಕ' ಎಂದರೆ 224, 178, 149 ಎಂಬ ಮೂರು ಸಂಖ್ಯೆ. ಮರಾಠಿಯ 'ಕ' 224, 164, 149. ತೆಲುಗಿನ 'ಕ' 224, 176, 149. ನೋಡಿದಿರಾ? ಮೊದಲನೆಯದೂ ಒಂದೇ, ಕೊನೆಯದೂ ಒಂದೇ. ನಡುವಿನದು ಮಾತ್ರ ಬೇರೆ.

ಪತ್ರದ ತಲೆಯಲ್ಲಿ ಪಟ್ಟಿಯ ಹೆಸರಿನ ಸಾಲು ಇಲ್ಲದಿದ್ದರೆ ಓದುವ ತಂತ್ರಾಂಶ ಇದನ್ನು ಪಾಶ್ಚಾತ್ಯ ಪಟ್ಟಿ ಎಂದೇ ತಿಳಿದುಕೊಳ್ಳುತ್ತದೆ. ಆ ಪಟ್ಟಿಯಲ್ಲಿ 224 ಎಂದರೆ ತಲೆಯ ಮೇಲೆ ಓರೆ ಗೀಟು ಇರುವ ಸಣ್ಣ 'ಎ'. 178 ಎಂದರೆ ವರ್ಗ ಎಂದು ತೋರಿಸಲು ಮೇಲೆ ಬರೆಯುವ ಪುಟ್ಟ '2'. 179 ಎಂದರೆ ಘನದ ಪುಟ್ಟ '3'. ಹಾಗಾಗಿ ಗಜಿಬಿಜಿಯಾದ ಪತ್ರದಲ್ಲಿ ಗೀಟಿನ 'ಎ' ಪಕ್ಕ ಪುಟ್ಟ 2 ಅಥವಾ ಪುಟ್ಟ 3 ಮತ್ತೆ ಮತ್ತೆ ಬಂದರೆ ಅದು ಕನ್ನಡ. ಗೀಟಿನ 'ಎ' ಪಕ್ಕ ಜಪಾನಿನ ಯೆನ್ ಚಿಹ್ನೆ, ಇಲ್ಲವೇ ನಾಲ್ಕು ಕಾಲಿನ ಸಣ್ಣ ವರ್ತುಲ ಬಂದರೆ ಅದು ಮರಾಠಿ ಅಥವಾ ಹಿಂದಿ. ಉಷ್ಣಾಂಶದ ಡಿಗ್ರಿ ಸೊನ್ನೆ ಅಥವಾ ಕೂಡು-ಕಳೆ ಚಿಹ್ನೆ ಬಂದರೆ ತೆಲುಗು. ಗೀಟಿನ 'ಎ' ಇಲ್ಲದೆ, ಅಡ್ಡಗೆರೆ ಎಳೆದ ದೊಡ್ಡ 'ಓ' ಮತ್ತು ಗೀಟಿನ ದೊಡ್ಡ 'ಯು' ತುಂಬಿದ್ದರೆ ಉರ್ದು.

ಸೊಲ್ಲಾಪುರದ ಪೇಟೆಯಲ್ಲಿ ಕಿವಿಗೆ ಬೀಳುವ ನಾಲ್ಕು ಭಾಷೆಗಳು ಇವೇ ಅಲ್ಲವೇ? ಕೆಟ್ಟುಹೋದ ಮೇಲೂ ಅವು ತಮ್ಮ ತಮ್ಮ ಗುರುತು ಬಿಟ್ಟುಕೊಡುವುದಿಲ್ಲ.

ಮಡಿಸಿದ ಪತ್ರ ಬಿಚ್ಚದೆ ಹಾಗೇ ಕಂಡರೂ ಗುರುತು ಇದೆ. ಪತ್ರದ ವಿಷಯದ ಸಾಲಿನಲ್ಲಿ ಸಮಚಿಹ್ನೆ, ಪ್ರಶ್ನಾರ್ಥಕ, ಯುಟಿಎಫ್-8 ಎಂಬ ಹೆಸರು, ಆಮೇಲೆ 'ಬಿ', ಆಮೇಲೆ ಅರ್ಥವಿಲ್ಲದ ಅಕ್ಷರಗಳ ಸರಪಳಿ ಕಂಡರೆ ಅದು ಬೇಸ್-64. ಸರಪಳಿ '4', 'ಎಲ್', 'ಕೆ' ಎಂದು ಶುರುವಾದರೆ ಕನ್ನಡ. '4', 'ಕೆ', 'ಎಸ್' ಎಂದು ಶುರುವಾದರೆ ಮರಾಠಿ ಅಥವಾ ಹಿಂದಿ. ಬಿಚ್ಚಿದರೆ ಒಂದು ಅಕ್ಷರವೂ ಹಾಳಾಗಿರುವುದಿಲ್ಲ.

ರೋಗ ಯಾವುದು, ಮದ್ದು ಯಾವುದು

ಇಷ್ಟು ಗೊತ್ತಾದ ಮೇಲೆ ಪರದೆ ನೋಡಿದ ಕೂಡಲೇ ರೋಗ ಹೇಳಬಹುದು.

ಚೌಕ ಪೆಟ್ಟಿಗೆಗಳು ಕಂಡರೆ: ಹೆದರಬೇಡಿ. ಸಂಖ್ಯೆಗಳು ಸರಿಯಾಗಿ ಬಂದಿವೆ, ಯಂತ್ರದಲ್ಲಿ ಕನ್ನಡ ಫಾಂಟಿಲ್ಲ. ಫಾಂಟು ಹಾಕಿದರೆ ಆಯಿತು.

ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ: 'ಅಕ್ಕಲಕೋಟ' ಇದ್ದದ್ದು 'ಅಕ್‌ಕಲಕೋಟ' ಆಗಿದ್ದರೆ ಇದೂ ಪತ್ರದ ತಪ್ಪಲ್ಲ. ಕಪ್ಪು ಪರದೆಯ ಟರ್ಮಿನಲ್ಲಿನಲ್ಲಿ ಇದು ಸಾಮಾನ್ಯ. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ಒಂದರ ಕೆಳಗೆ ಒಂದು ಒತ್ತು ಕೂರುವ ಕನ್ನಡದ ಸಂಸಾರ ಆ ಅಳತೆಗೆ ಹೊಂದದು. ಅದೇ ಪತ್ರವನ್ನು ಬ್ರೌಸರಿನಲ್ಲಿ ತೆರೆದು ನೋಡಿ, ಸರಿ ಇರುತ್ತದೆ.

ಗೀಟಿನ ಗಜಿಬಿಜಿ ಕಂಡರೆ: ಪಟ್ಟಿ ತಪ್ಪಿದೆ. ಪತ್ರದ ಪೂರ್ಣ ತಲೆಬರಹ ತೆರೆದು ಅಕ್ಷರಪಟ್ಟಿಯ ಸಾಲು ನೋಡಿ. ಇಲ್ಲದಿದ್ದರೆ ಅಥವಾ ಬೇರೆ ಹೆಸರಿದ್ದರೆ ಯುಟಿಎಫ್-8 ಎಂದು ಓದಲು ಹೇಳಿ. ಆಲ್ಪೈನಿನಲ್ಲಿ ತೋರಿಸುವ ಪಟ್ಟಿ, ಕೀಲಿಮಣೆಯ ಪಟ್ಟಿ, ಹೆಸರಿಲ್ಲದ ಪತ್ರಕ್ಕೆ ಹಿಡಿಯಬೇಕಾದ ಪಟ್ಟಿ ಎಂದು ಬೇರೆ ಬೇರೆ ಆಯ್ಕೆಗಳಿವೆ. ಟರ್ಮಿನಲ್ ಕೂಡ ಯುಟಿಎಫ್-8ರಲ್ಲೇ ಇರಬೇಕು. ಒಂದು ಕಡೆ ಹೊಂದಿಸಿ ಇನ್ನೊಂದು ಕಡೆ ಬಿಟ್ಟರೆ ಗಜಿಬಿಜಿ ತಪ್ಪದು.

ಇಲ್ಲಿ ಒಂದು ಎಚ್ಚರಿಕೆ. ಗಜಿಬಿಜಿಯನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಬೇಡಿ. ಮೂಲ ಪತ್ರವನ್ನೇ ಇಟ್ಟುಕೊಳ್ಳಿ. ಯಾಕೆಂದರೆ ಹಲಂತದ ಮೂರನೆಯ ಸಂಖ್ಯೆ 141. ವಿಂಡೋಸಿನ ಪಾಶ್ಚಾತ್ಯ ಪಟ್ಟಿಯಲ್ಲಿ ಆ ಮನೆ ಖಾಲಿ. 'ಠ'ದ ಮೂರನೆಯ ಸಂಖ್ಯೆ 160, ಅದು ಕಣ್ಣಿಗೆ ಕಾಣದ ಜಾಗ. 'ಭ'ದ್ದು 173, ಅದೂ ಕಾಣದ ಒಂದು ಅಡ್ಡಗೆರೆ. ನಕಲು ಮಾಡುವಾಗ ಇವು ಉದುರಿಹೋಗಬಹುದು. ಆಮೇಲೆ ಎಷ್ಟು ರಿಪೇರಿ ಮಾಡಿದರೂ ಒತ್ತಕ್ಷರ ಕೂಡದು, 'ಪಾಠ'ದ ಠ ಇರದು, 'ಭಾಷೆ'ಯ ಭ ಇರದು.

ಫಾಂಟಿನ ಕಾಲದ ಪತ್ರವಾದರೆ: ನುಡಿ, ಬರಹ, ಶ್ರೀಲಿಪಿ ಯಾವುದರದ್ದೆಂದು ಮೊದಲು ತಿಳಿದುಕೊಳ್ಳಿ. ನುಡಿ, ಬರಹದ ಹಳೆಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಉಪಕರಣಗಳು ಈಗ ಸುಲಭವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿ ಇವನ್ನು ಕಣ್ಣಿಟ್ಟು ತಿದ್ದಬೇಕು.

ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ: ಇದಕ್ಕೆ ಮದ್ದಿಲ್ಲ. ದಾರಿಯಲ್ಲಿ ಯಾವುದೋ ತಂತ್ರಾಂಶ ಪತ್ರವನ್ನು ಪಾಶ್ಚಾತ್ಯ ಪಟ್ಟಿಗೆ ತಿರುಗಿಸಲು ಹೋಗಿದೆ. ಅಲ್ಲಿ ಕನ್ನಡಕ್ಕೆ ಮನೆಯಿಲ್ಲ. ಸಿಗದ ಪ್ರತಿ ಅಕ್ಷರದ ಜಾಗದಲ್ಲಿ 63 ಎಂಬ ಸಂಖ್ಯೆ ಇಟ್ಟಿದೆ. 63 ಎಂದರೆ ಪ್ರಶ್ನಾರ್ಥಕ. ಮಲ್ಲಮ್ಮನ 'ಮ'ವೂ 63, ಲಕ್ಷ್ಮೀಯ 'ಲ'ವೂ 63. ಒಳಗೆ ಏನೂ ಉಳಿದಿಲ್ಲ. ಕಳಿಸಿದವರಲ್ಲಿ ಮೂಲ ಇದ್ದರೆ ಮತ್ತೆ ಕಳಿಸಲು ಕೇಳಬೇಕು, ಅಷ್ಟೇ. ನಮ್ಮ ಪಟ್ಟಿಗೂ ಹಾಗೇ ಮಾಡಿದೆವು. ಪಿಡಿಎಫ್ ಮಾಡಿ ಎರಡನೆಯ ಸಲ ಕಳಿಸಿದೆವು. ಆ ತಾಯಿಗೆ ಮಗಳ ಹೆಸರನ್ನು ಬೆರಳಿಟ್ಟು ತೋರಿಸಿದೆ.

ಬೀರುವಿನ ತಳದಲ್ಲಿ ಏನಿದೆ?

ಮೊದಲು ಹೇಳಿದ ಮಾತಿಗೆ ಬರೋಣ. ಓದಲು ಬರದ ಬರಹ ಬೇರೆ, ಅಳಿಸಿಹೋದ ಬರಹ ಬೇರೆ. ಪ್ರಶ್ನಾರ್ಥಕ ಬಿಟ್ಟರೆ ಮೇಲಿನ ರೋಗಗಳೆಲ್ಲಾ ಓದಲು ಬರದ ಜಾತಿಯವೇ. ಆದರೆ ನಾವು ಏನು ಮಾಡುತ್ತೇವೆ? ಪರದೆಯ ಮೇಲೆ ಗಜಿಬಿಜಿ ಕಂಡ ಕೂಡಲೇ "ಇದು ಖರಾಬ್ ಆಗ್ಯದ ಬಿಡ್ರಿ" ಎಂದು ಅಳಿಸಿಬಿಡುತ್ತೇವೆ.

ಹೀಗೆ ಅಳಿಸಿದ್ದರಲ್ಲಿ ಏನೇನಿತ್ತು ಎಂದು ಯೋಚಿಸಿ. 1998ರಿಂದ ಸುಮಾರು ಹತ್ತು ಹನ್ನೆರಡು ವರ್ಷ ಗಡಿಭಾಗದ ಕನ್ನಡ ಶಾಲೆಗಳ ಸ್ಮರಣ ಸಂಚಿಕೆ, ಪ್ರಶ್ನಪತ್ರಿಕೆ, ಸ್ನೇಹ ಸಮ್ಮೇಳನದ ವರದಿ, ಮಕ್ಕಳು ಬರೆದ ಕವಿತೆ, ಶಾಲೆಗೆ ಜಾಗ ಕೊಟ್ಟವರ ಹೆಸರು ಎಲ್ಲಾ ಟೈಪಾದದ್ದು ಇಂಥ ಫಾಂಟುಗಳಲ್ಲಿ. ಅಚ್ಚಾದ ಪ್ರತಿಗಳು ಗೆದ್ದಲಿಗೆ ಹೋದವು. ಕಡತಗಳು ಸಿ.ಡಿ.ಯಲ್ಲೋ, ಫ್ಲಾಪಿಯಲ್ಲೋ, ಯಾರದೋ ಹಳೆಯ ಮಿಂಚಂಚೆ ಪೆಟ್ಟಿಗೆಯಲ್ಲೋ ಇವೆ. ನಮ್ಮ ಶಾಲೆಗಳ ಇತಿಹಾಸ ಬೇರೆ ಯಾವ ಗ್ರಂಥಾಲಯದಲ್ಲೂ ಸಿಗುವಂಥದಲ್ಲ.

ಸೊನ್ನಲಿಗೆಯ ಸಿದ್ಧರಾಮ ಹನ್ನೆರಡನೆಯ ಶತಮಾನದಲ್ಲಿ ಇದೇ ಸೊಲ್ಲಾಪುರದಲ್ಲಿ ಕನ್ನಡ ವಚನ ಹೇಳಿದ. ಶರಣರ ವಚನಗಳು ಮನೆಮನೆಯ ಓಲೆಗರಿಯ ಕಟ್ಟುಗಳಲ್ಲಿ, ಪೂಜೆಯ ಗೂಡಿನಲ್ಲಿ ಕೂತಿದ್ದವು. ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿ, ಓದಿ, ಪ್ರತಿ ಮಾಡಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಎರಡು ವರ್ಷದಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದರು. ಓಲೆಗರಿಯಿಂದ ಕಾಗದಕ್ಕೆ ದಾಟಿಸಿದ್ದರಿಂದಲೇ ಇವತ್ತು ನಮ್ಮ ಮಕ್ಕಳು ವಚನ ಬಾಯಿಪಾಠ ಮಾಡುತ್ತಿದ್ದಾರೆ. ಸೊಲ್ಲಾಪುರದವರೇ ಆದ ಜಯದೇವಿ ತಾಯಿ ಲಿಗಾಡೆಯವರು ಸಿದ್ಧರಾಮನ ಮೇಲೆ ಪುರಾಣ ಬರೆದದ್ದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದದ್ದು ನಿಮಗೆಲ್ಲ ಗೊತ್ತೇ ಇದೆ. ಅವರೆಲ್ಲ ಮಾಡಿದ ಕೆಲಸದ ಮುಂದೆ ನಮ್ಮದು ಬಹಳ ಸಣ್ಣ ಕೆಲಸ. ಫಾಂಟಿನಿಂದ ಯುನಿಕೋಡಿಗೆ ದಾಟಿಸುವುದು.

ಬರುವ ರಜೆಯಲ್ಲಿ ಇಷ್ಟು ಮಾಡಿ. ಶಾಲೆಯ ಬೀರುವಿನಲ್ಲಿರುವ ಹಳೆಯ ಸಿ.ಡಿ., ಫ್ಲಾಪಿ ಹೊರಗೆ ತೆಗೆಯಿರಿ. ತೆರೆಯುವ ಮೊದಲು ಇದ್ದದ್ದನ್ನು ಇದ್ದ ಹಾಗೇ ಒಂದು ಪ್ರತಿ ಮಾಡಿ ಬೇರೆ ಇಡಿ. ಆ ಕಾಲದಲ್ಲಿ ಟೈಪು ಮಾಡಿದವರು ಯಾರು ಎಂದು ಕೇಳಿ, ಯಾವ ತಂತ್ರಾಂಶ, ಯಾವ ಫಾಂಟು ಎಂದು ಬರೆದಿಡಿ. ಅವರಲ್ಲಿ ಕೆಲವರು ಈಗಾಗಲೇ ನಿವೃತ್ತರಾಗಿದ್ದಾರೆ. ಫಾಂಟಿನ ಕಡತ ಸಿಕ್ಕರೆ ಅದನ್ನೂ ಜೊತೆಗೇ ಇಡಿ. ಆಮೇಲೆ ಒಂದೊಂದಾಗಿ ತಿರುಗಿಸಿ, ಓದಿ, ತಿದ್ದಿ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡರೆ ಅವರಿಗೆ ಕಾಗುಣಿತವೂ ಆಯಿತು, ಊರಿನ ಇತಿಹಾಸವೂ ಆಯಿತು.

ನಾನು ನಮ್ಮ ಶಾಲೆಯ ಒಂದು ಹಳೆಯ ಸಂಚಿಕೆಯಿಂದ ಶುರು ಮಾಡಿದ್ದೇನೆ. ಎಂಟು ಪುಟ ಆಗಿದೆ, ಇನ್ನೂ ನಲವತ್ತು ಪುಟ ಬಾಕಿ ಇದೆ. ನಿಮ್ಮಲ್ಲಿ ಏನು ಸಿಕ್ಕಿತು ಅಂತ ನನಗೂ ತಿಳಿಸಿರಿ.